ಊಟಕ್ಕೆ ಮೊದಲು ಹನ್ನೆರಡು ಸೂಜಿ

ಹಾವೇರಿಯ ನಮ್ಮ ಮನೆಗೆ ಇದ್ದದ್ದು ಒಂದು ಪಡಸಾಲೆ, ಒಂದು ಅಡುಗೆಮನೆ, ಹಿತ್ತಲಲ್ಲಿ ಒಂದು ಬಚ್ಚಲು. ಅಷ್ಟರಲ್ಲೇ ಸಂಸಾರವೂ ನಡೆಯಬೇಕು, ಯಾಲಕ್ಕಿ ಹಾರದ ಕೆಲಸವೂ ನಡೆಯಬೇಕು. ಮದುವೆಗೆ, ಸನ್ಮಾನಕ್ಕೆ, ದರ್ಗಾಕ್ಕೆ, ಗುಡಿಗೆ ಹೋಗುವ ಬಿಳಿ ಹಾರಗಳು ನಮ್ಮ ಪಡಸಾಲೆಯ ಚಾಪೆಯ ಮೇಲೆ ತಯಾರಾಗುತ್ತಿದ್ದವು. ಅದೇ ಪಡಸಾಲೆಯಲ್ಲಿ ಬೆಳಿಗ್ಗೆ ಅಬ್ಬಾ ನಮಾಜು ಮಾಡುತ್ತಿದ್ದರು, ಸಂಜೆ ನಾವೆಲ್ಲ ಊಟಕ್ಕೆ ಕೂರುತ್ತಿದ್ದೆವು, ರಾತ್ರಿ ಮಲಗುತ್ತಿದ್ದೆವು. ಒಂದು ಹೊತ್ತಿನ ಸಾಮಾನು ಇನ್ನೊಂದು ಹೊತ್ತಿನಲ್ಲಿ ಕಣ್ಣಿಗೆ ಬಿದ್ದರೆ ಅಮ್ಮನಿಗೆ ಸರಿಬರುತ್ತಿರಲಿಲ್ಲ. ಬೆಳಿಗ್ಗೆ ಹಾಸಿಗೆ ಸುತ್ತಿ ಮರದ ಪೆಟ್ಟಿಗೆಯ ಮೇಲೇರಿಸಿದ ಮೇಲೆ ಅಲ್ಲಿ ಯಾರಾದರೂ ಮಲಗಿದ್ದರು ಎಂಬ ಗುರುತೇ ಉಳಿಯಬಾರದು. ಕೆಲಸದ ಚಾಪೆ ಎತ್ತಿದ ಮೇಲೆ ಒಂದು ಯಾಲಕ್ಕಿ ಸಿಪ್ಪೆಯೂ ಕಾಣಬಾರದು. ಕತ್ತರಿಗೆ ದಾರ ಕಟ್ಟಿ ಕಿಟಕಿಯ ಸರಳಿಗೆ ಬಿಗಿದಿದ್ದಳು. ಅದು ಮೊಳದುದ್ದಕ್ಕಿಂತ ಹೆಚ್ಚು ದೂರ ಹೋಗುವಂತಿರಲಿಲ್ಲ. ಚಪ್ಪಲಿಗಳು ಹೊಸ್ತಿಲ ಹೊರಗೆ, ಮುಖ ಬೀದಿಯ ಕಡೆಗೆ. ಕುಡಿಯುವ ನೀರಿನ ಕೊಡದ ಮೇಲೆ ತಟ್ಟೆ, ತಟ್ಟೆಯ ಮೇಲೆ ಲೋಟ ಬೋರಲು. ಇದನ್ನೆಲ್ಲ ಯಾರೂ ನಮಗೆ ಕೂರಿಸಿಕೊಂಡು ಕಲಿಸಲಿಲ್ಲ. ತಪ್ಪಿದಾಗ ಅಮ್ಮ ಬೈಯುತ್ತಲೂ ಇರಲಿಲ್ಲ. ಎದ್ದು ಬಂದು, ವಸ್ತುವನ್ನು ಅದರ ಜಾಗದಲ್ಲಿಟ್ಟು, ಮತ್ತೆ ಹೋಗಿ ಕೂರುತ್ತಿದ್ದಳು. ಬೈದಿದ್ದರೆ ವಾಸಿ ಅನ್ನಿಸುತ್ತಿತ್ತು.

ಈಗ ಬ್ಯಾಡಗಿಯಲ್ಲಿ ನನ್ನ ಸೊಸೆ ಮನೆ ಅಚ್ಚುಕಟ್ಟಾಗಿಡುವುದು ಹೇಗೆ ಎಂದು ಮೊಬೈಲಿನಲ್ಲಿ ನೋಡುತ್ತಾಳೆ. ಅದರಲ್ಲಿ ಯಾರೋ ಒಬ್ಬಳು ಬೇಳೆಗಳನ್ನು ಗಾಜಿನ ಡಬ್ಬಿಗೆ ಸುರಿಯುತ್ತಾಳೆ, ಡಬ್ಬಿಗೆ ಚೀಟಿ ಅಂಟಿಸುತ್ತಾಳೆ, ಸಂಗೀತ ಬರುತ್ತದೆ. ನೋಡಿ ಮುಗಿದ ಮೇಲೆ ಸೊಸೆ ನನ್ನ ಅಡುಗೆಮನೆಯ ಕಡೆ ತಿರುಗಿ, ‘ನಿಮಗ ಯಾರ ಕಲಿಸಿದ್ರಿ ಅತ್ತಿ, ಇದೆಲ್ಲಾ?’ ಎನ್ನುತ್ತಾಳೆ. ಮೆಣಸಿನಕಾಯಿ ಹಂಗಾಮಿನಲ್ಲಿ ಊರಿಗೆ ಊರೇ ಕೆಂಪು ಧೂಳಿನಲ್ಲಿ ಕೆಮ್ಮುವಾಗಲೂ ನನ್ನ ಮನೆಯ ಕಪಾಟಿನ ಮೇಲೆ ಬೆರಳಾಡಿಸಿದರೆ ಬೆರಳು ಬೆಳ್ಳಗೇ ಇರುತ್ತದೆ ಎಂದು ಓಣಿಯಲ್ಲಿ ನನಗೊಂದು ಹೆಸರಿದೆ. ಆ ಹೆಸರು ಕೇಳಿದಾಗ ನನಗೆ ಖುಷಿಯಾಗುತ್ತದೆ ಎಂದರೆ ಸುಳ್ಳಾಗುತ್ತದೆ. ‘ನಮ್ಮಮ್ಮ ಕಲಿಸಿದ್ಲು’ ಎಂದಷ್ಟೇ ಹೇಳಿ ಬೇರೆ ಮಾತು ತೆಗೆಯುತ್ತೇನೆ. ಕಲಿತದ್ದು ಹೇಗೆ ಎಂಬುದನ್ನು ಸೊಸೆಗೆ ಹೇಳಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಯಾಲಕ್ಕಿಗೆ ಒಂದು ಗುಣವಿದೆ. ತನ್ನ ವಾಸನೆಯನ್ನು ಊರಿಗೆಲ್ಲ ಹಂಚುತ್ತದೆ, ಹಾಗೆಯೇ ಪಕ್ಕದಲ್ಲಿದ್ದವರ ವಾಸನೆಯನ್ನೂ ಹೀರಿಕೊಳ್ಳುತ್ತದೆ. ಘಟ್ಟದ ಕಡೆಯಿಂದ ಬಂದ ಯಾಲಕ್ಕಿಯನ್ನು ತೊಳೆದು, ಬಿಳುಪು ಮಾಡಿ, ಒಣಗಿಸಿ, ದಪ್ಪ, ನಡುತರ, ಸಣ್ಣ ಎಂದು ಆರಿಸಿಟ್ಟ ಮೇಲೆ ಪಕ್ಕದಲ್ಲಿ ಉಳ್ಳಾಗಡ್ಡಿ ಒಗ್ಗರಣೆ ಹಾಕಿದರೆ ಅಷ್ಟೂ ಮಾಲು ಉಳ್ಳಾಗಡ್ಡಿ ನಾರುತ್ತದೆ. ಹೀಗಾಗಿ ನಮ್ಮ ಅಡುಗೆಯ ಹೊತ್ತನ್ನು ಯಾಲಕ್ಕಿ ಗೊತ್ತುಮಾಡಿತ್ತು. ಬೆಳಕು ಹರಿಯುವುದರೊಳಗೆ ರೊಟ್ಟಿ ಬಡಿದು, ಪಲ್ಯ ಮಾಡಿ, ಒಲೆ ಆರಿಸಿ, ಅಡುಗೆಮನೆಯ ಕದ ಹಾಕಬೇಕು. ಆಮೇಲೆ ಚಾಪೆ ಹಾಸಬೇಕು. ಸಂಜೆ ಚಾಪೆ ಎದ್ದ ಮೇಲೆಯೇ ಮತ್ತೆ ಒಲೆ. ಮಾಂಸ ಬೇಯುತ್ತಿದ್ದದ್ದು ಕೆಲಸಕ್ಕೆ ಬಿಡುವಿದ್ದ ಶುಕ್ರವಾರ ಮಾತ್ರ, ಇಲ್ಲವೆ ಸಂಜೆಗೆ ಯಾರಾದರೂ ನೆಂಟರು ಬಂದರೆ. ತಲೆಗೆ ಎಣ್ಣೆ ಹಚ್ಚಿದವರು ಚಾಪೆಗೆ ಬರುವಂತಿರಲಿಲ್ಲ. ಅಮ್ಮನ ಜೊತೆ ಓಣಿಯ ಮೂವರು ಹೆಂಗಸರು ಕೆಲಸಕ್ಕೆ ಕೂರುತ್ತಿದ್ದರು. ನನ್ನ ದಾದಿ, ಅಂದರೆ ಅಬ್ಬಾನ ತಾಯಿ, ಕಣ್ಣು ಮಂಜಾಗಿದ್ದರಿಂದ ಬೆರಳಿನಿಂದಲೇ ಯಾಲಕ್ಕಿ ಆರಿಸುತ್ತಿದ್ದಳು. ಮನೆಯೊಳಗೆ ನಮ್ಮದು ಉರ್ದು. ಚಾಪೆಯ ಮೇಲೆ ಓಣಿಯವರೂ ಇದ್ದರೆಂದು ಕನ್ನಡ. ಎರಡೂ ಎಷ್ಟು ಕಲೆತುಹೋಗಿದ್ದವೆಂದರೆ ಯಾರು ಯಾವ ಮಾತನ್ನು ಯಾವ ಭಾಷೆಯಲ್ಲಿ ಆಡಿದರೆಂದು ಈಗ ಹೇಳಲಾರೆ. ಎಲ್ಲವನ್ನೂ ಕನ್ನಡದಲ್ಲೇ ಬರೆದಿದ್ದೇನೆ.

ಈ ಎಲ್ಲ ಪದ್ಧತಿಗಳ ಮೇಲೆ ಒಂದು ದೊಡ್ಡ ಪದ್ಧತಿ ಇತ್ತು. ಹಾರದ ಸೂಜಿಗಳು ಹನ್ನೆರಡು. ಉದ್ದನೆಯವು, ತೆಳುವಾದವು, ಒಂದೇ ಪಾಕೀಟಿನಿಂದ ತೆಗೆದವು. ಹತ್ತಿ ತುಂಬಿದ ಒಂದು ಸಣ್ಣ ಕೆಂಪು ದಿಂಬಿನಲ್ಲಿ ಅವು ನಾಲ್ಕು ನಾಲ್ಕರಂತೆ ಮೂರು ಸಾಲಾಗಿ ನಿಲ್ಲುತ್ತಿದ್ದವು. ಸಂಜೆ ಕೆಲಸ ಮುಗಿದ ಮೇಲೆ ಆ ಹನ್ನೆರಡೂ ದಿಂಬಿಗೆ ಮರಳಿ, ಯಾರಾದರೊಬ್ಬರು ಗಟ್ಟಿಯಾಗಿ ಎಣಿಸಿ ಹೇಳುವ ತನಕ ಊಟದ ಬಟ್ಟೆ, ನಾವು ದಸ್ತರಖಾನ ಎನ್ನುವುದನ್ನು, ಹಾಸುವಂತಿರಲಿಲ್ಲ. ಒಂದು ಕಡಿಮೆ ಬಿದ್ದರೆ ಕಸ ಗುಡಿಸುವಂತಿಲ್ಲ, ಕೂಸನ್ನು ಕೆಳಗೆ ಬಿಡುವಂತಿಲ್ಲ, ಯಾರೂ ಕೂತಲ್ಲಿಂದ ಏಳುವಂತಿಲ್ಲ. ಅಂಗೈಯಿಂದ ನೆಲ ಸವರುತ್ತ ಹುಡುಕಬೇಕು. ದಾದಿಯ ಎಡಪಾದದೊಳಗೆ ಯಾವ ಕಾಲದಲ್ಲೋ ಮುರಿದ ಸೂಜಿಯ ತುಂಡೊಂದು ಉಳಿದಿತ್ತು. ಆಕೆ ನಡೆಯುವಾಗೆಲ್ಲ ನಮಗೆ ಆ ಪದ್ಧತಿಯ ಕಾರಣ ಗೊತ್ತಾಗುತ್ತಿತ್ತು. ನನಗೆ ಒಂಬತ್ತು ತುಂಬಿದ ಮೇಲೆ ಎಣಿಸುವ ಕೆಲಸವನ್ನು ಅಮ್ಮ ನನಗೆ ಕೊಟ್ಟಳು. ಸೂಜಿ ಮುಟ್ಟಿ ಹಾರ ಪೋಣಿಸಲು ಮಾತ್ರ ಇನ್ನೂ ಅಪ್ಪಣೆ ಇರಲಿಲ್ಲ. ಆದರೂ ನನ್ನ ಬಾಯಿಂದ ‘ಹನ್ನೆರಡು’ ಎಂಬ ಮಾತು ಹೊರಡದೆ ಅಬ್ಬಾ ಕೂಡ ಒಂದು ತುತ್ತು ಎತ್ತುವಂತಿರಲಿಲ್ಲ ಎಂಬ ಗರ್ವ ನನಗೆ ಸಾಕಷ್ಟಿತ್ತು.

ಆ ವರ್ಷ ಅಬ್ಬಾನ ತಂಗಿ ಮುಮ್ತಾಜ್ ಫುಪ್ಪು ರಾಣೆಬೆನ್ನೂರಿನಿಂದ ಹೆರಿಗೆಗೆಂದು ಬಂದವಳು, ಮಗ ಇಕ್ಬಾಲ ಹೊಟ್ಟೆ ಎಳೆದುಕೊಂಡು ಹರಿದಾಡುವಷ್ಟಾದರೂ ತಿರುಗಿ ಹೋಗಿರಲಿಲ್ಲ. ಅಲ್ಲಿ ನಾಲ್ವರು ಸೊಸೆಯರಲ್ಲಿ ಆಕೆ ಕೊನೆಯವಳು. ನೀರು ಹೊರುವುದು, ರೊಟ್ಟಿ ಬಡಿಯುವುದು, ಮೂವರು ನೆಗೆಣ್ಣಿಯರ ಮಾತು ಕೇಳುವುದು. ಇಲ್ಲಿ ಚಾಪೆಯ ಮೇಲೆ ಒಂದು ಜಾಗ ಸಿಕ್ಕರೆ ಸಾಕೆಂದು ಆಕೆಗೆ ಆಸೆ. ಗಂಡ, ನನಗೆ ಫುಪ್ಪಾ, ದರ್ಜಿ. ಮೆತ್ತಗಿನ ಮನುಷ್ಯ. ಹೆಂಡತಿಗೆ ಇಲ್ಲಿ ಕೆಲಸ ಹತ್ತಿದರೆ ತಾನೂ ಹೊಲಿಗೆ ಮಷಿನ್ ತಂದು ಹಾವೇರಿಯಲ್ಲೇ ಅಂಗಡಿ ಹಾಕುತ್ತೇನೆ ಎಂದು ಹೇಳಿ ಕಳಿಸಿದ್ದ. ದಾದಿಗೆ ಮಗಳು ಕಣ್ಣೆದುರಿಗೆ ಇರುತ್ತಾಳೆಂದು ಮನಸ್ಸಿತ್ತು. ಆದರೂ ಆಕೆ ತೀರ್ಮಾನವನ್ನು ತನ್ನ ಕೈಯಲ್ಲಿ ಇಟ್ಟುಕೊಳ್ಳಲಿಲ್ಲ.

‘ಹಾರದ ಕೆಲಸ ನಡಸಾಕಿ ನನ್ನ ಸೊಸಿ,’ ಎಂದಳು. ‘ಆಕಿ ಹ್ಞೂಂ ಅಂದ್ರ ನೀ ಇಲ್ಲೇ ಇರು. ಆಕಿ ಒಲ್ಲೆ ಅಂದ್ರ ನಾ ಏನ ಮಾಡಾಕ ಬರಂಗಿಲ್ಲ.’

‘ರಂಜಾನ್ ಬರೂತನಕ ನೋಡೋಣು,’ ಎಂದಳು ಅಮ್ಮ.

ಫುಪ್ಪುವಿನ ಕೈ ಚೆಂದ. ಹಾರದ ಕೊನೆಯ ರೇಷ್ಮೆ ಗೊಂಡೆಯನ್ನು ಅಷ್ಟು ಸಮವಾಗಿ ಕಟ್ಟುವವರು ನಮ್ಮ ಚಾಪೆಯಲ್ಲಿ ಮತ್ತಾರೂ ಇರಲಿಲ್ಲ. ಅಮ್ಮನೂ ಅಲ್ಲ. ಆದರೆ ಆಕೆ ಹೋದಲ್ಲೆಲ್ಲ ಏನಾದರೊಂದು ಬಿಟ್ಟುಬರುತ್ತಿದ್ದಳು. ಚಹಾ ಕುಡಿದ ಲೋಟ ಕಿಟಕಿಯಲ್ಲಿ, ಕೂದಲು ಸಿಕ್ಕ ಬಾಚಣಿಗೆ ಪೆಟ್ಟಿಗೆಯ ಮೇಲೆ, ಕೂಸಿನ ಒದ್ದೆ ಬಟ್ಟೆ ದಾರದ ಉಂಡೆ ತೂಗುಹಾಕುವ ಮೊಳೆಗೆ. ಅಮ್ಮ ಎದ್ದು ಹೋಗಿ ಒಂದೊಂದನ್ನೂ ತೆಗೆದಿಡುತ್ತಿದ್ದಳು. ಫುಪ್ಪು ನಗುತ್ತಿದ್ದಳು. ಆಕೆ ನಕ್ಕರೆ ನಮ್ಮ ಮನೆಯಲ್ಲಿ ಅದೊಂದು ಹೊಸ ಸಪ್ಪಳವಾಗಿತ್ತು, ನಾನು ಅದಕ್ಕಾಗಿ ಆಕೆಯ ಹಿಂದೆ ಮುಂದೆ ಸುತ್ತುತ್ತಿದ್ದೆ. ಬಂದಾಗ ಆಕೆಯ ಬಳಿ ಒಂದು ಬಿಸ್ಕೀಟಿನ ಡಬ್ಬಿ ಇತ್ತು. ಗುಂಡಿ, ಹುಕ್ಕು, ಕಪ್ಪು ದಾರ, ಐದು ಸೂಜಿ. ಅಮ್ಮ ಮೊದಲ ದಿನವೇ ಆ ಐದನ್ನು ಆಕೆಯ ಕೈಯಿಂದಲೇ ಎಣಿಕೆ ಮಾಡಿಸಿ, ‘ಇವು ಚಾಪಿಗೆ ಬರೂದು ಬ್ಯಾಡ. ಇಲ್ಲೇ ಇರ್ಲಿ’ ಎಂದು ಡಬ್ಬಿಯನ್ನು ಗೋಡೆಯ ಗೂಡಿನಲ್ಲಿಡಿಸಿದ್ದಳು. ಇನ್ನೊಂದು ಮಾತನ್ನು ಮಾತ್ರ ಅಮ್ಮ ಮತ್ತೆ ಮತ್ತೆ ಹೇಳಬೇಕಾಯಿತು. ಫುಪ್ಪುವಿಗೆ ಕೆಲಸದ ನಡುವೆ ಸೂಜಿಯನ್ನು ತೋಳಿನ ಬಟ್ಟೆಗೆ ಚುಚ್ಚಿಕೊಳ್ಳುವ ಚಟ. ದಾರ ಬದಲಿಸುವಾಗ, ಕೂಸಿಗೆ ಹಾಲು ಕುಡಿಸುವಾಗ, ಮಾತಾಡುವಾಗ, ಸೂಜಿ ತೋಳಿನ ಮೇಲೆ.

‘ಮುಮ್ತಾಜ್, ಸೂಜಿ ದಿಂಬಿನ್ಯಾಗ,’ ಎನ್ನುತ್ತಿದ್ದಳು ಅಮ್ಮ.

‘ಆತು ಭಾಬಿ, ಇಟ್ಟೆ, ಇಟ್ಟೆ.’

‘ಇಲ್ಲಿ ಕೂಸು ಅದ.’

‘ನಂದ ಕೂಸ ಅಲ್ಲನು ಅದು? ನನಗ ಗೊತ್ತಿಲ್ಲೇನು?’

ರಂಜಾನಿಗೆ ಹತ್ತೋ ಹನ್ನೆರಡೋ ದಿನ ಉಳಿದಿತ್ತು. ಎಲ್ಲವೂ ಫುಪ್ಪುವಿನ ಕಡೆಗೇ ವಾಲುತ್ತಿತ್ತು. ಕಿಟಕಿಯಲ್ಲಿ ಲೋಟ ಕಾಣುವುದು ನಿಂತಿತ್ತು. ಸೂಜಿಯೂ ದಿಂಬಿಗೆ ಹೋಗಲು ಕಲಿತಿತ್ತು. ಆಕೆ ಬೆಳಿಗ್ಗೆ ಎದ್ದು ಅಮ್ಮನಿಗಿಂತ ಮೊದಲೇ ಹಾಸಿಗೆ ಸುತ್ತಿದ್ದನ್ನು ನಾನೇ ನೋಡಿದ್ದೇನೆ. ‘ನೋಡು ಹಸೀನಾ, ನಾನೂ ನಿಮ್ಮಮ್ಮ ಆಗಾಕತ್ತೇನಿ,’ ಎಂದು ನನಗೆ ಕಣ್ಣು ಹೊಡೆದಿದ್ದಳು. ಫುಪ್ಪಾ ಆ ದಿನ ಸಂಜೆಯ ಬಸ್ಸಿಗೆ ಬರುವವನಿದ್ದ. ಮರುದಿನ ಮಾತು ಮುಗಿಸಿ, ಅಂಗಡಿಗೆ ಜಾಗ ನೋಡಿಕೊಂಡು ಹೋಗುವುದೆಂದು ಆಗಿತ್ತು. ಮಧ್ಯಾಹ್ನ ದೊಡ್ಡದೊಂದು ಹಾರ ಮುಟ್ಟಿಸಲು ಅಮ್ಮ ಅಬ್ಬಾನ ಜೊತೆ ಹೋದಳು. ಓಣಿಯ ಹೆಂಗಸರು ಉಣ್ಣಲು ಎದ್ದರು. ಫುಪ್ಪು ಬಚ್ಚಲಿನಲ್ಲಿ ಬಟ್ಟೆ ಒಗೆಯುತ್ತಿದ್ದಳು. ದಾದಿ ಗೋಡೆಗೊರಗಿ ತೂಕಡಿಸುತ್ತಿದ್ದಳು. ಚಾಪೆಯ ಮೇಲೆ ನಾನು, ಕೂಸು, ಮತ್ತು ಕೆಂಪು ದಿಂಬು.

ನಾನು ಒಂದು ಸೂಜಿ ತೆಗೆದೆ. ಬಿಳಿ ದಾರ ಪೋಣಿಸಿ, ಆರಿಸಿ ಬಿಸುಟ ಒಡಕು ಯಾಲಕ್ಕಿಯಲ್ಲಿ ನನ್ನ ಕೊರಳಿಗೆ ಒಂದು ಸರ ಮಾಡಿಕೊಳ್ಳುವ ಆಸೆ. ಏಳೆಂಟು ಪೋಣಿಸಿರಬಹುದು. ಆಗ ಇಕ್ಬಾಲ ಅಳತೊಡಗಿದ. ನಾನು ಪೋಣಿಸಿದ್ದನ್ನು ಎಳೆದು ಬಿಚ್ಚಿ, ದಾರ ಕಿತ್ತು, ಸೂಜಿಯನ್ನು ಲಂಗದ ರವಿಕೆಯ ತೋಳಿಗೆ ಚುಚ್ಚಿಕೊಂಡೆ. ಫುಪ್ಪು ಹೇಗೆ ಚುಚ್ಚಿಕೊಳ್ಳುತ್ತಿದ್ದಳೋ ಹಾಗೆಯೇ, ಒಂದೇ ಸಲಕ್ಕೆ, ನೋಡದೆ. ದೊಡ್ಡವಳಾದೆ ಅನ್ನಿಸಿತು. ಕೂಸನ್ನು ಹೆಗಲಿಗೆ ಹಾಕಿಕೊಂಡು ತಟ್ಟಿದೆ, ಅಡ್ಡಾಡಿಸಿದೆ. ನಿದ್ದೆ ಹತ್ತಿದ ಮೇಲೆ ಮೂಲೆಯಲ್ಲಿದ್ದ ಅವನ ಕೌದಿಯ ಮೇಲೆ ಮಲಗಿಸಿದೆ. ಆಮೇಲೆ ಹಿತ್ತಲಿಗೆ ಆಡಲು ಹೋದೆ. ತೋಳಿನ ಮೇಲಿದ್ದ ಸೂಜಿಯನ್ನು ನಾನು ಆ ಸಂಜೆಯ ತನಕ ಮರೆತುಬಿಟ್ಟೆ.

ಸಂಜೆ ಫುಪ್ಪಾ ಬಂದ. ಕೋಳಿ ಸಾರು ಕುದಿಯುತ್ತಿತ್ತು. ಓಣಿಯವರು ತಂತಮ್ಮ ಸೂಜಿ ದಿಂಬಿಗೆ ಚುಚ್ಚಿ ಮನೆಗೆ ಹೋಗಿದ್ದರು, ಚಾಪೆ ಮಡಿಚಿತ್ತು. ನಾನು ದಿಂಬು ಹಿಡಿದುಕೊಂಡು ಕೂತೆ. ನಾಲ್ಕು, ನಾಲ್ಕು, ಮೂರು. ಮತ್ತೊಮ್ಮೆ ಎಣಿಸಿದೆ. ತೋಳು ಮುಟ್ಟಿ ನೋಡಿಕೊಂಡೆ, ಏನೂ ಇರಲಿಲ್ಲ. ಹಿತ್ತಲಿಗೆ ಓಡಿದೆ, ಬಾವಿಕಟ್ಟೆಯ ಸುತ್ತ ನೋಡಿದೆ. ಹಿತ್ತಲಿನಲ್ಲೇ ಬಿದ್ದಿರಬೇಕು ಎಂದು ನನಗೆ ನಾನೇ ಖಾತ್ರಿ ಮಾಡಿಕೊಂಡೆ. ಒಳಗಿನಿಂದ ಅಮ್ಮ ಕೂಗಿದಳು.

‘ಹಸೀನಾ, ಎಣಿಕಿ ಆತೇನು? ನಿಮ್ಮ ಫುಪ್ಪಾ ಹಸಕೊಂಡ ಬಂದಾರ.’

ಹನ್ನೊಂದು ಎಂದು ಹೇಳಬೇಕಿತ್ತು. ಹೇಳಿದ್ದರೆ ನೆಂಟನ ಎದುರಿಗೆ ಎಲ್ಲರೂ ನೆಲ ಸವರಬೇಕು. ಎಲ್ಲರ ಕಣ್ಣು ಮೊದಲು ಹೋಗುವುದು ಫುಪ್ಪುವಿನ ತೋಳಿಗೆ. ಆಕೆಯನ್ನು ಉಳಿಸಲೆಂದೇ ನಾನು ಹಾಗೆ ಮಾಡಿದೆ ಎಂದು ಮುಂದೆ ಬಹಳ ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ. ಈಗ ವಯಸ್ಸಾಗಿದೆ, ಅಷ್ಟು ಉಪಚಾರ ಬೇಡ. ನನಗೆ ಏಟಿನ ಭಯವಿತ್ತು, ಎಣಿಸುವ ಕೆಲಸ ಕೈತಪ್ಪುತ್ತದೆಂಬ ಭಯವಿತ್ತು, ಮತ್ತು ಕೋಳಿ ಸಾರಿನ ವಾಸನೆಗೆ ಹೊಟ್ಟೆ ಕೂಗುತ್ತಿತ್ತು. ಗೂಡಿಗೆ ಕೈಹಾಕಿ ಬಿಸ್ಕೀಟಿನ ಡಬ್ಬಿ ತೆಗೆದೆ. ಫುಪ್ಪುವಿನ ಐದು ಸೂಜಿಗಳಲ್ಲಿ ಉದ್ದನೆಯದೊಂದನ್ನು ಮೂರನೆಯ ಸಾಲಿನ ಕೊನೆಗೆ ಚುಚ್ಚಿದೆ.

‘ಹನ್ನೆರಡು,’ ಎಂದು ಕೂಗಿದೆ.

ದಸ್ತರಖಾನ ಹಾಸಿದರು. ನಾನು ಎರಡು ಸಲ ಸಾರು ಹಾಕಿಸಿಕೊಂಡೆ. ಅದು ನನಗೆ ಚೆನ್ನಾಗಿ ನೆನಪಿದೆ.

ಬೆಳಿಗ್ಗೆ ನಮಾಜು ಮುಗಿದು ಅಬ್ಬಾ ಮತ್ತು ಫುಪ್ಪಾ ಚಹಾ ಕುಡಿಯುತ್ತ ಕೂತಿದ್ದರು. ಅಂಗಡಿಗೆ ನೋಡಬೇಕಾದ ಜಾಗದ ಮಾತು ನಡೆದಿತ್ತು. ಫುಪ್ಪು ಕೂಸನ್ನು ಕೌದಿಯ ಸಮೇತ ಎತ್ತಿ ತೊಡೆಗೆ ಹಾಕಿಕೊಂಡಳು. ಇಕ್ಬಾಲ ಚೀರಿದ. ಕೂಸು ಹಸಿವಿಗೆ ಅಳುವುದು ಬೇರೆ, ಇದು ಬೇರೆ ಎಂದು ಎಲ್ಲರಿಗೂ ಒಮ್ಮೆಗೇ ಗೊತ್ತಾಯಿತು. ಅಮ್ಮ ಅಡುಗೆಮನೆಯಿಂದ ಬಂದು, ಕೂಸನ್ನು ಬೋರಲು ಮಾಡಿ, ತೊಡೆಯ ಹಿಂದಿನಿಂದ ಒಂದೇ ಎಳೆತಕ್ಕೆ ಸೂಜಿ ಹೊರತೆಗೆದಳು. ಅರ್ಧದಷ್ಟು ಒಳಗೆ ಹೋಗಿತ್ತು. ರಕ್ತ ಒಂದೇ ಹನಿ. ಅಬ್ಬಾ ಕೂಸನ್ನು ಎತ್ತಿಕೊಂಡು ದವಾಖಾನೆಗೆ ಓಡಿದರು. ಇಂಜೆಕ್ಷನ್ ಕೊಡಿಸಿ ತಾಸಿನೊಳಗೆ ಕರೆತಂದರು. ಅವನಿಗೆ ಏನೂ ಆಗಲಿಲ್ಲ. ಆ ಒಂದು ತಾಸಿನಲ್ಲಿ ಆಗುವುದೆಲ್ಲ ನಮ್ಮ ಪಡಸಾಲೆಯಲ್ಲಿ ಆಗಿಹೋಯಿತು.

‘ನಿನ್ನಿ ಎಣಿಕಿ ಆಗಿತ್ತಿಲ್ಲೋ?’ ಎಂದು ದಾದಿ ನನ್ನನ್ನು ಕೇಳಿದಳು.

‘ಹನ್ನೆರಡ ಇದ್ದುವು,’ ಎಂದೆ.

ದಾದಿ ದಿಂಬು ತರಿಸಿ, ತಾನೇ ಒಂದೊಂದನ್ನೂ ಮುಟ್ಟಿ ಎಣಿಸಿದಳು. ಹನ್ನೆರಡೇ ಇದ್ದವು. ಹಾಗಾದರೆ ಕೂಸಿನ ತೊಡೆಯಲ್ಲಿ ಸಿಕ್ಕದ್ದು ಮನೆಯ ಸೂಜಿಯಲ್ಲ. ಫುಪ್ಪು ತಾನಾಗಿಯೇ ಎದ್ದು ಗೂಡಿನಿಂದ ಡಬ್ಬಿ ತೆಗೆದಳು. ಮುಚ್ಚಳ ಬಿಚ್ಚಿದಳು. ಒಳಗೆ ನಾಲ್ಕಿದ್ದವು. ಆಕೆ ಅವನ್ನು ಮೂರು ಸಲ ಎಣಿಸಿದಳು. ಆಮೇಲೆ ತನ್ನ ತೋಳನ್ನು ನೋಡಿಕೊಂಡಳು. ಯಾವಾಗ ತೆಗೆದೆ, ಯಾವಾಗ ಚುಚ್ಚಿಕೊಂಡೆ ಎಂದು ನೆನಪು ಮಾಡಿಕೊಳ್ಳಲು ಹೆಣಗುತ್ತಿದ್ದಳು. ಇಲ್ಲದ ನೆನಪು ಬಂದೇಬಿಟ್ಟಿತು ಎಂಬಂತೆ ಆಕೆಯ ಮುಖ ಬಿಳಚಿಕೊಂಡಿತು.

‘ನಂದ,’ ಎಂದಳು. ‘ನಂದ ಸೂಜಿ.’

ಅಮ್ಮ ಕಿಟಕಿಯ ಬಳಿ ನಿಂತಿದ್ದಳು. ಕೈಯಲ್ಲಿದ್ದ ಸೂಜಿಯನ್ನು ಬೆಳಕಿಗೆ ಹಿಡಿದು, ಅದರ ಕಣ್ಣಿನ ಮೇಲೆ ಹೆಬ್ಬೆರಳಾಡಿಸಿದಳು. ದಿಂಬಿನ ಕಡೆ ನೋಡಿದಳು. ನನ್ನ ಕಡೆ ನೋಡಲಿಲ್ಲ. ಕಾಗದದ ಚೂರಿನಲ್ಲಿ ಸೂಜಿಯನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಾನು ಜೋಳದ ಚೀಲಕ್ಕೆ ಅಂಟಿಕೊಂಡು ನಿಂತಿದ್ದೆ. ಬಾಯಿ ತೆರೆಯಲು ಆಗ ಸಮಯವಿತ್ತು. ಸಾಕಷ್ಟು ಇತ್ತು.

ಫುಪ್ಪಾ ದನಿ ಎತ್ತರಿಸಲಿಲ್ಲ. ದಾದಿಯ ಮುಂದೆ ಕೂತು ಹೇಳಿದ.

‘ಅಮ್ಮಾ, ಹೆತ್ತ ಕೂಸಿನ ಹಾಸಿಗ್ಯಾಗ ಸೂಜಿ ಬಿಡಾಕಿ ಈಕಿ. ಈಕಿನ್ನ ಸೂಜಿ ಕೆಲಸದ ಮನ್ಯಾಗ ಹೆಂಗ ಬಿಟ್ಟ ಹೋಗ್ಲಿರಿ? ಅಲ್ಲಿ ನಾಕ ಮಂದಿ ಹೆಂಗಸರ ಅದಾರ, ಕೂಸನ್ನರ ನೋಡ್ಕೋತಾರ.’

ದಾದಿ ಅಮ್ಮನ ಕಡೆ ತಿರುಗಿದಳು. ‘ನೀ ಏನ ಅಂತೀ?’

‘ನಾ ಏನೂ ಅನ್ನಂಗಿಲ್ರಿ,’ ಎಂದಳು ಅಮ್ಮ.

ಆ ಮನೆಯಲ್ಲಿ ಅಮ್ಮ ಏನೂ ಅನ್ನದಿದ್ದರೆ ಅದು ಒಲ್ಲೆ ಎಂದೇ ಅರ್ಥ. ಫುಪ್ಪುವಿಗೂ ಅದು ಗೊತ್ತಿತ್ತು. ಆಕೆ ವಾದಿಸಲಿಲ್ಲ. ‘ಭಾಬಿ ಮೊದಲ ಹೇಳಿದ್ರು, ನಾ ಕೇಳಲಿಲ್ಲ,’ ಎಂದು ಎದ್ದು ಬಟ್ಟೆ ಕಟ್ಟಿಕೊಂಡಳು. ಅರ್ಧ ಕಟ್ಟಿದ್ದ ಗೊಂಡೆಯೊಂದು ಕೆಲಸದ ಬುಟ್ಟಿಯಲ್ಲಿ ಉಳಿಯಿತು. ಮಧ್ಯಾಹ್ನದ ಬಸ್ಸಿಗೆ ಅವರು ರಾಣೆಬೆನ್ನೂರಿಗೆ ಹೊರಟರು. ಹೋಗುವಾಗ ಫುಪ್ಪು ಬಿಸ್ಕೀಟಿನ ಡಬ್ಬಿಯನ್ನು ಗೂಡಿನಲ್ಲೇ ಬಿಟ್ಟಳು. ಮರೆತು ಬಿಟ್ಟದ್ದಲ್ಲ. ನಾನು ಓಡಿಹೋಗಿ ತಂದುಕೊಟ್ಟರೆ, ‘ಬ್ಯಾಡವಾ ಹಸೀನಾ, ನನ್ನ ಕೈಗೆ ಸೂಜಿ ಬ್ಯಾಡ,’ ಎಂದು ನನ್ನ ಗದ್ದ ಹಿಡಿದು ಮುದ್ದಿಟ್ಟಳು. ಅವತ್ತಿನಷ್ಟು ನಾಚಿಕೆ ನನಗೆ ಮುಂದೆ ಯಾವತ್ತೂ ಆಗಿಲ್ಲ.

ಮೂರು ದಿನ ಕಳೆಯಿತು. ಸಂಜೆ ನಾನು ಎಂದಿನಂತೆ ಎಣಿಸಿ ಹನ್ನೆರಡು ಎಂದೆ. ಅಡುಗೆಮನೆಯಲ್ಲಿರಬೇಕಾದ ಅಮ್ಮ ಬಂದು ನನ್ನ ಪಕ್ಕ ಕೂತಳು. ದಾದಿ ಹೊರಗೆ ಕಟ್ಟೆಯ ಮೇಲಿದ್ದಳು. ಅಮ್ಮ ಹುಡುಕಲಿಲ್ಲ, ಎಣಿಸಲಿಲ್ಲ. ಮೂರನೆಯ ಸಾಲಿಗೆ ಕೈಹಾಕಿ ಒಂದು ಸೂಜಿಯನ್ನು ಕಿತ್ತಳು. ಸೊಂಟದಿಂದ ಕಾಗದದ ಪೊಟ್ಟಣ ತೆಗೆದು, ಒಳಗಿದ್ದ ಸೂಜಿಯನ್ನು ಅದೇ ಜಾಗಕ್ಕೆ ಚುಚ್ಚಿದಳು. ಕಿತ್ತದ್ದನ್ನು ಅಂಗೈ ಮೇಲಿಟ್ಟು ನನಗೆ ತೋರಿಸಿದಳು.

‘ಇದು ನಮ್ದಲ್ಲ,’ ಎಂದಳು.

ನಾನು ಏಟಿಗೆ ಕಾದೆ. ಏಟು ಬೀಳಲಿಲ್ಲ.

‘ದಸ್ತರಖಾನ ಹಾಸು,’ ಎಂದಳು.

ಇದರ ಬಗ್ಗೆ ನಾವಿಬ್ಬರೂ ಮತ್ತೆ ಎಂದೂ ಮಾತಾಡಲಿಲ್ಲ. ಫುಪ್ಪುವಿಗೆ ತನ್ನ ಸೂಜಿಗಳು ಎಷ್ಟು ಎಂದಷ್ಟೇ ಗೊತ್ತಿತ್ತು. ಯಾವುದು ತನ್ನದು ಎಂದು ಅಮ್ಮನ ಬೆರಳಿಗೇ ಗೊತ್ತಿತ್ತು. ಕಿಟಕಿಯ ಬಳಿ ಹೆಬ್ಬೆರಳಾಡಿಸಿದ ಗಳಿಗೆಯಲ್ಲೇ ಆಕೆಗೆ ಎಲ್ಲ ತಿಳಿದಿತ್ತು. ದಾದಿ ‘ನೀ ಏನ ಅಂತೀ’ ಎಂದು ಕೇಳಿದ್ದು ಅದಾದ ಮೇಲೆ. ಮಗಳ ಮಾನ ಉಳಿಸಲು ಅಮ್ಮ ಸುಮ್ಮನಾದಳೋ, ಫುಪ್ಪು ಹೋದರೆ ತನ್ನ ಪಡಸಾಲೆ ತನಗೆ ಉಳಿಯುತ್ತದೆಂದು ಸುಮ್ಮನಾದಳೋ, ನಾನು ಕೇಳಲಿಲ್ಲ. ಎರಡೂ ಇದ್ದಿರಬಹುದು. ಫುಪ್ಪುವಿನ ಆ ಸೂಜಿಯನ್ನು ಆಕೆ ಎಲ್ಲಿಟ್ಟಳೋ ಅದೂ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಜಾಗ ಗೊತ್ತಿಲ್ಲದ ವಸ್ತು ಅದೊಂದೇ. ನಾನಂತೂ ಅವತ್ತಿನಿಂದ ಪಕ್ಕಾ ಅಚ್ಚುಕಟ್ಟಿನ ಹುಡುಗಿಯಾದೆ. ಹೇಳಿಸಿಕೊಳ್ಳದೆ ಚಾಪೆ ಮಡಿಚಿದೆ, ಲೋಟ ಬೋರಲು ಹಾಕಿದೆ, ಮದುವೆಯಾಗಿ ಬ್ಯಾಡಗಿಗೆ ಬಂದ ಮೇಲೆ ಅತ್ತೆಯಿಂದ ಭೇಷ್ ಎನ್ನಿಸಿಕೊಂಡೆ. ಎಲ್ಲವೂ ಜಾಗದಲ್ಲಿದ್ದರೆ ಯಾರೂ ಏನನ್ನೂ ಕೇಳುವುದಿಲ್ಲ ಎಂದು ನನಗೆ ಒಂಬತ್ತನೆಯ ವಯಸ್ಸಿಗೇ ಗೊತ್ತಾಗಿತ್ತು.

ಫುಪ್ಪು ಮುಂದೆ ಹಾವೇರಿಗೆ ಬಂದದ್ದು ಮದುವೆಗೆ, ಮಣ್ಣಿಗೆ ಅಷ್ಟೇ. ಬಂದರೂ ಚಾಪೆಯ ಹತ್ತಿರ ಸುಳಿಯುತ್ತಿರಲಿಲ್ಲ. ದರ್ಜಿಯ ಹೆಂಡತಿಯಾಗಿ ಆಕೆ ಒಂದು ಗುಂಡಿಯನ್ನೂ ಹಚ್ಚುತ್ತಿರಲಿಲ್ಲ ಎಂದು ನೆಗೆಣ್ಣಿಯರು ಆಡಿಕೊಂಡು ನಗುತ್ತಿದ್ದರಂತೆ. ಅಬ್ಬಾ, ದಾದಿ, ಫುಪ್ಪಾ ಒಬ್ಬೊಬ್ಬರಾಗಿ ಹೋದರು. ಕೊನೆಗೆ ಅಮ್ಮನೂ ಹೋದಳು. ಅಮ್ಮ ಇರುವ ತನಕ ನಾನು ಬಾಯಿ ಬಿಡುವಂತಿರಲಿಲ್ಲ ಎಂದು ನೆಪ ಹೇಳಿಕೊಂಡಿದ್ದೆ. ಆಕೆ ಹೋದ ಮೇಲೂ ಎರಡು ವರ್ಷ ಸುಮ್ಮನಿದ್ದೆ. ಈಚೆಗೆ ಫುಪ್ಪು ಹಾಸಿಗೆ ಹಿಡಿದಿದ್ದಾಳೆ ಎಂದು ಸುದ್ದಿ ಬಂದಾಗ, ಎಲ್ಲವನ್ನೂ ಹೇಳಿಬಿಡಬೇಕು, ನನ್ನ ಪಾಲನ್ನೂ ಅಮ್ಮನ ಪಾಲನ್ನೂ, ಎಂದು ನಿಶ್ಚಯಿಸಿ ಬ್ಯಾಡಗಿಯಿಂದ ರಾಣೆಬೆನ್ನೂರಿನ ಬಸ್ ಹತ್ತಿದೆ.

ಇಕ್ಬಾಲ ಬೀಜದ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ, ತಲೆ ನರೆತಿದೆ. ಅವನು ಅಂಗಡಿಗೆ ಹೋಗಿದ್ದ. ಅವನ ಹೆಂಡತಿ ಚಹಾ ಇಡಲು ಒಳಗೆ ಹೋದಳು. ಮನೆಯ ತುಂಬ ಸಾಮಾನು ಹರಡಿತ್ತು, ಮೊಮ್ಮಕ್ಕಳ ಪುಸ್ತಕ, ಒಣಗಿದ ಬಟ್ಟೆಯ ಗುಡ್ಡೆ. ನನ್ನ ಕೈ ತಾನಾಗಿಯೇ ಒಂದು ಅಂಗಿ ಮಡಿಚತೊಡಗಿತು. ಫುಪ್ಪು ಮಂಚದ ಮೇಲೆ ಎದ್ದು ಕೂತು ನನಗೆ ಜಾಗ ಮಾಡಿದಳು. ಆದರೆ ಕೂಡಲೇ ಕೂರಲು ಬಿಡಲಿಲ್ಲ. ಪಕ್ಕದಲ್ಲಿ ಹಾಸಿದ್ದ ಕೌದಿಯನ್ನು ಎತ್ತಿ ಮೂರು ಸಲ ಝಾಡಿಸಿ, ಮತ್ತೆ ಹಾಸಿ, ಅಂಗೈಯಿಂದ ಮೂಲೆ ಮೂಲೆಯನ್ನೂ ನಿಧಾನ ಸವರಿದಳು.

‘ಹ್ಞಾಂ, ಈಗ ಕುಂದ್ರು,’ ಎಂದಳು. ‘ಯಾರ ಬಂದ್ರೂ ಹಿಂಗ ಮಾಡ್ತೇನಿ. ಮಂದಿ ನಗತಾರ.’

ಕೂತೆ. ಹೇಳಿದೆ. ಯಾಲಕ್ಕಿ ಸರ ಮಾಡಿಕೊಳ್ಳಲು ಸೂಜಿ ತೆಗೆದದ್ದು, ತೋಳಿಗೆ ಚುಚ್ಚಿಕೊಂಡದ್ದು, ಡಬ್ಬಿಯಿಂದ ಒಂದನ್ನು ತೆಗೆದು ಲೆಕ್ಕ ಸರಿಮಾಡಿದ್ದು. ಹೇಳಿ ಮುಗಿಸಿದ ಮೇಲೆ ಫುಪ್ಪು ಬಹಳ ಹೊತ್ತು ತನ್ನ ಎರಡೂ ಕೈಗಳನ್ನು ಮುಂದೆ ಚಾಚಿಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡುತ್ತ ಕೂತಳು.

‘ನಾ ಅಲ್ಲನು?’ ಎಂದಳು.

‘ನೀ ಅಲ್ಲ ಫುಪ್ಪು. ನಾನು.’

‘ಖರೇ ಹೇಳಾಕತ್ತೀ?’

‘ಖರೇನ.’

‘ಅವತ್ತ ಯಾಕ ಹೇಳಲಿಲ್ಲ?’

‘ಹೆದರಿದ್ದೆ.’

‘ಆಮ್ಯಾಲ?’

ನಾನು ಕೌದಿಯ ಮೂಲೆ ಸರಿಮಾಡತೊಡಗಿದೆ. ಆಕೆ ಅತ್ತಳು, ಸಪ್ಪಳವಿಲ್ಲದೆ. ನನ್ನನ್ನು ಬೈದರೆ ಹಗುರಾಗುತ್ತೇನೆಂದು ಕಾದೆ. ಆಕೆ ಬೈಯಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಮಾತಾಡಿದಳು.

‘ಅವತ್ತ ಎಲ್ಲಾರೂ ಏನರ ಒಂದ ಅಂದ್ರು ನನಗ. ನಿಮ್ಮ ಫುಪ್ಪಾ ಅಂದ, ಇಲ್ಲಿಗೆ ಬಂದ ಮ್ಯಾಲೆ ಇವರೆಲ್ಲಾ ಅಂದ್ರು. ನಿಮ್ಮಮ್ಮ ಒಬ್ಬಾಕಿ ಏನೂ ಅನ್ನಲಿಲ್ಲ. ಅಷ್ಟ ಸಲ ಹೇಳಿದಾಕಿ, ನೋಡು ನಾ ಹೇಳಿದ್ನಿಲ್ಲೋ ಅಂತ ಒಂದ ಮಾತ ಅಂದಿದ್ರ ನಾ ಬಾವಿಗೆ ಬೀಳ್ತಿದ್ದೆ. ಅನ್ನಲಿಲ್ಲ. ಅದಕ್ಕ ಇವತ್ತಿಗೂ ದಿನಾ ನಮಾಜಿನ್ಯಾಗ ಆಕಿಗೆ ದುವಾ ಮಾಡ್ತೇನಿ, ನನ್ನ ಹೆತ್ತವ್ವಗ ಮಾಡೂಕಿಂತ ಮದ್ಲ.’

ಒಳಗೆ ಚಹಾ ಸೋಸುವ ಸಪ್ಪಳ ಕೇಳಿಸಿತು. ಫುಪ್ಪು ನನ್ನ ಮುಖವನ್ನೇ ನೋಡುತ್ತಿದ್ದಳು.

‘ಹಸೀನಾ, ನಿಮ್ಮಮ್ಮಗ ಇದು ಗೊತ್ತಿತ್ತೇನು?’

‘ಇಲ್ಲ ಫುಪ್ಪು,’ ಎಂದೆ. ‘ಗೊತ್ತಿರಲಿಲ್ಲ.’

‘ಹೌದಲ್ಲ. ಗೊತ್ತಿದ್ರ ಹೇಳ್ತಿದ್ಲು.’

‘ಹೇಳ್ತಿದ್ಲು,’ ಎಂದೆ.